ಪಾಳು ವಾಡೆಯಲ್ಲಿ ದೆವ್ವ ಹುಡುಕಲು ಹೊರಟವರಿಗೆ

ಪ್ರಶ್ನೆ: ಸರ್, ನಾವು ಐದು ಜನ ಗೆಳೆಯರು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದೇವೆ. ನಮ್ಮೂರ ಹೊರಗೆ ದೇಸಾಯರ ಹಳೇ ವಾಡೆ ಇದೆ. ಐವತ್ತು ವರ್ಷದಿಂದ ಅದರಲ್ಲಿ ಯಾರೂ ಇಲ್ಲ, ಅರ್ಧ ಬಿದ್ದುಹೋಗಿದೆ. ರಾತ್ರಿ ಮಾಳಿಗೆ ಮೇಲೆ ಯಾರೋ ನಡೆದಾಡುತ್ತಾರೆ, ಬಾವಿ ಹತ್ತಿರ ಒಬ್ಬ ಹೆಂಗಸು ನಿಂತಿರುತ್ತಾಳೆ ಅಂತ ಊರವರು ಹೇಳುತ್ತಾರೆ. ಮುಂದಿನ ಅಮಾವಾಸ್ಯೆ ರಾತ್ರಿ ಅಲ್ಲೇ ಉಳಿದು ನೋಡಬೇಕು ಅಂತಿದ್ದೇವೆ. ಆನ್‌ಲೈನ್‌ನಲ್ಲಿ ಇಎಂಎಫ್ ಮೀಟರ್, ಗನ್ ಥರ್ಮಾಮೀಟರ್ ತರಿಸಿದ್ದೇವೆ. ವಿಡಿಯೊ ಮಾಡಿ ಹಾಕುವ ಆಸೆಯೂ ಇದೆ. ಜನ ನಂಬುವ ಹಾಗೆ ಇದನ್ನು ಮಾಡುವುದು ಹೇಗೆ? ಮನೆಯವರು ಬೇಡ ಅನ್ನುತ್ತಿದ್ದಾರೆ, ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಊರವರು ಹೇಳಿದ್ದನ್ನು ಸುಮ್ನೆ ನಂಬಲಿಲ್ಲ, ಸುಮ್ನೆ ನಕ್ಕುಬಿಡಲೂ ಇಲ್ಲ, ಹೋಗಿ ನೋಡೋಣ ಅಂದಿರಿ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಹಳೆಯ ಮನೆಗಳ ಮೇಲೆ ಪ್ರೀತಿ ಜಾಸ್ತಿ. ಇಂಥ ಮನೆಗಳಲ್ಲಿ ಹಲವು ರಾತ್ರಿ ಕಳೆದಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ಮನೆಯವರ ಮಾತು. ಅವರು ಬೇಡ ಅನ್ನುವುದು ದೆವ್ವಕ್ಕೆ ಹೆದರಿ ಇರಬಹುದು. ನಾನು ಹೆದರುವುದು ಹಗೇವಿಗೆ.

ನಿಮ್ಮ ಕಡೆಯವರಿಗೆ ಹಗೇವು ಗೊತ್ತಿರುತ್ತದೆ. ಆದರೆ ನಿಮ್ಮ ವಯಸ್ಸಿನವರು ಅದನ್ನು ತೆರೆದು ಕಾಳು ತೆಗೆದದ್ದನ್ನು ನೋಡಿರಲಿಕ್ಕಿಲ್ಲ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ ಅದು. ದೊಡ್ಡ ವಾಡೆಗಳಲ್ಲಿ ಅಂಗಳದಲ್ಲೋ ಪಡಸಾಲೆಯಲ್ಲೋ ಒಂದಕ್ಕಿಂತ ಜಾಸ್ತಿ ಇರುತ್ತವೆ. ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು, ಆಳ ಆಳುದ್ದಕ್ಕಿಂತ ಹೆಚ್ಚು. ಬಾಯಿಗೆ ಒಂದು ಚಪ್ಪಡಿ, ಅದರ ಮೇಲೆ ಮಣ್ಣು. ಐವತ್ತು ವರ್ಷ ಕಳೆದ ಮೇಲೆ ಆ ಚಪ್ಪಡಿ ಎಲ್ಲಿದೆ ಅಂತ ಮೇಲಿನಿಂದ ತಿಳಿಯುವುದಿಲ್ಲ. ಒಳಗೆ ಗಾಳಿ ಆಡುವುದಿಲ್ಲ. ಕಾಳು ಮತ್ತು ಕೊಳೆತದ್ದು ಆಮ್ಲಜನಕ ತಿಂದು ಇಂಗಾಲದ ಡೈ ಆಕ್ಸೈಡ್ ಬಿಟ್ಟಿರುತ್ತವೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಹಗೇವಿಗೆ ಇಳಿದವರು, ಅವರನ್ನು ಎತ್ತಲು ಹೋದವರು ಇಬ್ಬರೂ ಸತ್ತ ಸುದ್ದಿ ನಮ್ಮ ಕಡೆ ಹೊಸದಲ್ಲ. ಹಿರಿಯರು ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ಆರುತ್ತದೋ ನೋಡಿ ಆಮೇಲೆ ಇಳಿಯುತ್ತಿದ್ದರು. ನೀವು ದೀಪ ಇಳಿಸಿಯೂ ಇಳಿಯಬೇಡಿ. ಮೊಬೈಲ್ ಬಿದ್ದರೆ ಬೀಳಲಿ.

ಹೀಗಾಗಿ ಮೊದಲ ಮಾತು: ಅಮಾವಾಸ್ಯೆಗಿಂತ ಮುಂಚೆ ಕನಿಷ್ಠ ಎರಡು ಸಲ ಹಗಲಲ್ಲಿ ಹೋಗಿ. ಆ ಮನೆಯನ್ನು ಬಲ್ಲ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ. ಹಗೇವು ಎಲ್ಲಿ, ಬಾವಿ ಎಲ್ಲಿ, ಯಾವ ಗೋಡೆ ಹೊಟ್ಟೆ ಬಿಟ್ಟಿದೆ ಅಂತ ಕೇಳಿ. ಸುಣ್ಣದ ಪುಡಿಯಿಂದ ಗೆರೆ ಎಳೆಯಿರಿ. ಗೆರೆ ದಾಟಬಾರದು. ಮಾಳಿಗೆ ಮೇಲೆ ಹತ್ತಲೇಬಾರದು. ಜಂತಿಗಳನ್ನು ಗೆದ್ದಲು ಒಳಗಿಂದ ತಿಂದಿರುತ್ತದೆ, ಹೊರಗೆ ಗಟ್ಟಿಯಾಗಿ ಕಾಣುತ್ತವೆ. ಅದರ ಮೇಲೆ ಅಡಿಗಟ್ಟಲೆ ಮೇಲ್ಮುದ್ದೆ ಮಣ್ಣು. ಮಳೆಗಾಲದಲ್ಲಿ ನೆನೆದು ತೂಕ ಹೆಚ್ಚಾಗುತ್ತದೆ. ಮಳೆ ಬಂದು ವಾರವಾಗುವ ತನಕ ಒಳಗೆ ಕಾಲಿಡಬೇಡಿ.

ಹಾವಿನ ಮಾತೂ ಹೇಳಲೇಬೇಕು. ರಾತ್ರಿ ಹೊತ್ತು ಹರಿದಾಡುವ ಕಟ್ಟುಹಾವು ಕಚ್ಚಿದರೆ ಬಹಳ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಇರುವೆ ಕಚ್ಚಿತು ಅಂದುಕೊಂಡು ಮಲಗಿದವರು ಬೆಳಗ್ಗೆ ಏಳುವುದಿಲ್ಲ. ನೆಲದ ಮೇಲೆ ಮಲಗಬೇಡಿ, ಪಾದ ಮುಚ್ಚುವ ಬೂಟು ಹಾಕಿ, ಟಾರ್ಚ್ ಹಾಕದೆ ನಡೆಯಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ. 108ಕ್ಕೆ ಫೋನ್ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆ ಯಾವುದು ಅಂತ ಮೊದಲೇ ವಿಚಾರಿಸಿಕೊಂಡಿರಿ. ಗೋಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ರಾತ್ರಿ ಅದರತ್ತ ಬೆಳಕು ಬಿಡಬೇಡಿ, ಬೆಳಕು ಹಿಡಿದು ಬರುತ್ತವೆ.

ಇನ್ನು ಅನುಮತಿ. ಪಾಳು ಬಿದ್ದಿದೆ ಅಂದರೆ ಯಜಮಾನರಿಲ್ಲ ಅಂತ ಅರ್ಥವಲ್ಲ. ವಾಡೆಗೆ ನಾಲ್ಕಾರು ದಾಯಾದಿಗಳು ಹಕ್ಕುದಾರರಿರುತ್ತಾರೆ, ಒಬ್ಬರು ಪುಣೆಯಲ್ಲಿ, ಒಬ್ಬರು ಬೆಂಗಳೂರಲ್ಲಿ. ಊರಲ್ಲಿರುವವರಿಂದ ಕಾಗದದ ಮೇಲೆ ಒಪ್ಪಿಗೆ ಬರೆಸಿಕೊಳ್ಳಿ. ಪೊಲೀಸ್ ಠಾಣೆಗೂ ಪಂಚಾಯ್ತಿಗೂ ತಿಳಿಸಿ. ಇದು ಕಾನೂನಿಗಾಗಿ ಮಾತ್ರ ಹೇಳುತ್ತಿಲ್ಲ. ಅಮಾವಾಸ್ಯೆ ರಾತ್ರಿ, ಪಾಳು ವಾಡೆ, ಐದು ಜನ ಹುಡುಗರು, ಕೈಯಲ್ಲಿ ಟಾರ್ಚು ಮತ್ತು ಯಂತ್ರ. ದೂರದಿಂದ ನೋಡಿದವರು ಏನಂದುಕೊಳ್ಳುತ್ತಾರೆ? ನಿಧಿಗಳ್ಳರು ಅಂತಾರೆ, ಅಲ್ವಾ? ನಮ್ಮ ಹಳ್ಳಿಗಳು ನಿಧಿಗಳ್ಳರಿಂದ ಎಷ್ಟು ಗುಡಿ, ಎಷ್ಟು ಮನೆ ಕಳೆದುಕೊಂಡಿವೆ. ಅವರ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟು ನಿಮ್ಮ ಬೆನ್ನ ಮೇಲೆ ಬೀಳದಿರಲಿ. ವಾಡೆ ಸಂರಕ್ಷಿತ ಸ್ಮಾರಕವಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು, ರಾತ್ರಿ ಒಳಗೆ ಹೋಗುವ ಹಾಗಿಲ್ಲ. ರಾಜಸ್ಥಾನದ ಭಾನಗಡ ಕೋಟೆಯ ಮುಂದೆ ಸೂರ್ಯಾಸ್ತದ ನಂತರ ಪ್ರವೇಶವಿಲ್ಲ ಅಂತ ಪುರಾತತ್ವ ಇಲಾಖೆಯ ಬೋರ್ಡ್ ಇದೆ. ಸರ್ಕಾರವೇ ದೆವ್ವ ಒಪ್ಪಿಕೊಂಡಿದೆ ಅಂತ ಅದರ ಫೋಟೊ ಹಂಚುತ್ತಾರೆ. ಹಂಪಿಯಿಂದ ಹಿಡಿದು ಹೆಚ್ಚಿನ ಸ್ಮಾರಕಗಳಿಗೆ ಇರುವ ಸಮಯದ ನಿಯಮವೇ ಅದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಜನ ನಂಬುವ ಹಾಗೆ ಮಾಡುವುದು ಹೇಗೆ? ನಾನು ಇದನ್ನು ಸ್ವಲ್ಪ ತಿರುಗಿಸುತ್ತೇನೆ. ಬೆಳಗ್ಗೆ ಎದ್ದು ನಿಮ್ಮನ್ನು ನೀವೇ ನಂಬುವ ಹಾಗೆ ಮಾಡುವುದು ಹೇಗೆ? ಇದಕ್ಕೆ ಒಂದು ನಿಜವಾದ ಮನೆಯ ಕಥೆ ಹೇಳುತ್ತೇನೆ. ನಿಮ್ಮಂಥ ಹವ್ಯಾಸಿಗಳೇ ಅಲ್ಲಿ ಒಂದು ವರ್ಷ ಕಾವಲು ಕೂತಿದ್ದರು.

ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ ಬೋರ್ಲಿ ಅಂತ ಒಂದು ಚಿಕ್ಕ ಹಳ್ಳಿ. ಅಲ್ಲಿನ ಚರ್ಚಿನ ಪಾದ್ರಿ ಹೆನ್ರಿ ಬುಲ್ 1863ರ ಸುಮಾರಿಗೆ ಒಂದು ದೊಡ್ಡ ಕೆಂಪು ಇಟ್ಟಿಗೆಯ ಮನೆ ಕಟ್ಟಿಸಿದ. ಅವನಿಗೆ ಹದಿನಾಲ್ಕು ಮಕ್ಕಳು, ಮನೆ ಬೆಳೆಯುತ್ತಾ ಹೋಯಿತು. 1900ರ ಜುಲೈ 28ರ ಸಂಜೆ ಅವನ ನಾಲ್ವರು ಹೆಣ್ಣುಮಕ್ಕಳು ತೋಟದಲ್ಲಿ ಒಬ್ಬ ಸನ್ಯಾಸಿನಿಯನ್ನು ಕಂಡೆವು ಅಂದರು. ಹತ್ತಿರ ಹೋದರೆ ಮಾಯ. ಹಿಂದೆ ಆ ಜಾಗದಲ್ಲಿ ಮಠವಿತ್ತು, ಪ್ರೀತಿಸಿದ ತಪ್ಪಿಗೆ ಸನ್ಯಾಸಿನಿಯನ್ನು ಜೀವಂತ ಗೋಡೆಯಲ್ಲಿಟ್ಟು ಕಟ್ಟಿದರು ಅನ್ನುವ ಕಥೆ ಅದಕ್ಕೆ ಅಂಟಿಕೊಂಡಿತು. ಅಂಥ ಮಠ ಇದ್ದದ್ದಕ್ಕೆ ಇತಿಹಾಸದಲ್ಲಿ ಆಧಾರವೇ ಸಿಗಲಿಲ್ಲ.

1929ರಲ್ಲಿ ಆ ಮನೆಯಲ್ಲಿದ್ದ ಪಾದ್ರಿ ದಂಪತಿ ಡೈಲಿ ಮಿರರ್ ಪತ್ರಿಕೆಗೆ ಬರೆದರು. ಪತ್ರಿಕೆ ಹ್ಯಾರಿ ಪ್ರೈಸ್ ಅನ್ನುವವನನ್ನು ಕಳಿಸಿತು. ಆ ಕಾಲದಲ್ಲಿ ಇಂಥ ತನಿಖೆಗೆ ಹೆಸರಾದವನು ಅವನು. 1937ರ ಮೇ ತಿಂಗಳಲ್ಲಿ ಅವನು ಖಾಲಿಯಾಗಿದ್ದ ಮನೆಯನ್ನು ಒಂದು ವರ್ಷಕ್ಕೆ ಬಾಡಿಗೆಗೆ ಹಿಡಿದ. ಟೈಮ್ಸ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಬಿಡುವು, ಬುದ್ಧಿ, ಧೈರ್ಯ ಇದ್ದು ಪೂರ್ವಗ್ರಹ ಇಲ್ಲದವರು ಬೇಕು ಅಂತ ಅದರ ತಿರುಳು. 48 ಜನರನ್ನು ಆರಿಸಿದ. ಹೆಚ್ಚಿನವರು ವಿದ್ಯಾರ್ಥಿಗಳು. ವಾರಾಂತ್ಯದಲ್ಲಿ ಬಂದು ಆ ಖಾಲಿ ಮನೆಯಲ್ಲಿ ರಾತ್ರಿ ಕಳೆಯುತ್ತಿದ್ದರು.

ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಆ ಮನೆಯ ಗೋಡೆಗಳಲ್ಲಿ ಪೆನ್ಸಿಲ್ ಗುರುತುಗಳು ತಾವಾಗಿಯೇ ಮೂಡುತ್ತವೆ ಅನ್ನುವ ಮಾತಿತ್ತು. ಇವರು ಹೋದ ಕೂಡಲೇ ಗೋಡೆಯಲ್ಲಿ ಆಗಲೇ ಇದ್ದ ಒಂದೊಂದು ಗುರುತಿಗೂ ಸುತ್ತು ಹಾಕಿದರು. ಇನ್ನು ಮೇಲೆ ಸುತ್ತು ಇಲ್ಲದ ಗುರುತು ಕಂಡರೆ ಅದು ಹೊಸದು. ಎಷ್ಟು ಸರಳ ನೋಡಿ. ನೆಲದ ಮೇಲಿದ್ದ ಚಿಕ್ಕ ವಸ್ತುಗಳ ಸುತ್ತಲೂ ಸೀಮೆಸುಣ್ಣದ ಗೆರೆ ಹಾಕಿದರು. ವಸ್ತು ಸರಿದರೆ ಗೆರೆ ಹೇಳುತ್ತದೆ. ನೀವೂ ಇದನ್ನೇ ಮಾಡಿ. ನಿಮ್ಮ ಇಎಂಎಫ್ ಮೀಟರಿಗಿಂತ ಐದು ರೂಪಾಯಿಯ ಸೀಮೆಸುಣ್ಣ ನಂಬಿಕಸ್ತ.

ಆದರೆ ಪ್ರೈಸ್ ಒಂದು ತಪ್ಪು ಮಾಡಿದ. ಕಾವಲಿಗೆ ಬಂದವರ ಕೈಗೆ ನೀಲಿ ರಟ್ಟಿನ ಒಂದು ಪುಸ್ತಿಕೆ ಕೊಟ್ಟ. ಹಿಂದೆ ಅಲ್ಲಿ ಏನೇನು ಕಂಡಿತ್ತು, ಏನೇನು ಕೇಳಿತ್ತು, ಯಾವ ಕೋಣೆಯ ಮೇಲೆ ಜಾಸ್ತಿ ಗಮನ ಇಡಬೇಕು, ಎಲ್ಲ ಅದರಲ್ಲಿತ್ತು. ಇದನ್ನು ಓದಿಕೊಂಡು ರಾತ್ರಿ ಎರಡು ಗಂಟೆಗೆ ಆ ಕೋಣೆಯಲ್ಲಿ ಕೂತವನಿಗೆ ಒಂದು ಟಪ್ ಅನ್ನುವ ಸದ್ದು ಏನಾಗಿ ಕೇಳಬೇಕು ಹೇಳಿ. ಅವನ ಕಿವಿಗೆ ಉತ್ತರವನ್ನು ಮೊದಲೇ ಹೇಳಿಕೊಟ್ಟಾಗಿತ್ತು.

ಇದು ಬರೀ ನನ್ನ ಅನಿಸಿಕೆಯಲ್ಲ. 1935ರಲ್ಲಿ ಮುಜಫರ್ ಶೆರಿಫ್ ಅನ್ನುವ ಮನೋವಿಜ್ಞಾನಿ ಒಂದು ಪ್ರಯೋಗದ ಫಲ ಪ್ರಕಟಿಸಿದ. ಪೂರಾ ಕತ್ತಲೆ ಕೋಣೆ. ದೂರದಲ್ಲಿ ಒಂದು ಚಿಕ್ಕ ಬೆಳಕಿನ ಚುಕ್ಕೆ. ಚುಕ್ಕೆ ಅಲುಗುವುದಿಲ್ಲ. ಆದರೂ ನೋಡುವವರಿಗೆ ಅಲುಗಿದ ಹಾಗೆ ಕಾಣುತ್ತದೆ. ಕತ್ತಲಲ್ಲಿ ಅಳತೆಗೆ ಬೇರೇನೂ ಇರದಿದ್ದಾಗ ನಮ್ಮ ಕಣ್ಣಿಗೆ ಹೀಗಾಗುತ್ತದೆ. ಎಷ್ಟು ಸರಿಯಿತು ಅಂತ ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು. ಒಟ್ಟಿಗೆ ಕೂರಿಸಿ ಗಟ್ಟಿಯಾಗಿ ಹೇಳಿಸಿದಾಗ ಎಲ್ಲರ ಲೆಕ್ಕವೂ ನಿಧಾನಕ್ಕೆ ಒಂದೇ ಕಡೆ ಬಂದು ನಿಂತಿತು. ಯಾರೂ ಸುಳ್ಳು ಹೇಳಲಿಲ್ಲ. ಅವರಿಗೆ ಹಾಗೆಯೇ ಕಂಡಿತು.

ನೀವು ಐದು ಜನ ವಾಡೆಯಲ್ಲಿ ಕೂತಿದ್ದೀರಿ. ದೂರದಲ್ಲಿ ಒಂದು ಬೆಳಕು. ಒಬ್ಬ "ಏ, ಬರಾಕತ್ತೈತಿ ನೋಡೋ" ಅಂದ. ಆ ಕ್ಷಣದಿಂದ ಉಳಿದ ನಾಲ್ವರ ಕಣ್ಣು ನಾಲ್ಕು ಕಣ್ಣಾಗಿ ಉಳಿಯುವುದಿಲ್ಲ. ಬೆಳಗ್ಗೆ ಊರಲ್ಲಿ ಹೇಳುವಾಗ ಐದೂ ಜನ ನೋಡಿದೆವು ಅಂತೀರಿ. ನಿಜವಾಗಿ ನೋಡಿದ್ದು ಒಬ್ಬ.

ಆದ್ದರಿಂದ ನನ್ನ ಇಡೀ ಉತ್ತರದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಮಾತಾಡುವ ಮೊದಲು ಬರೆಯಿರಿ. ಒಬ್ಬೊಬ್ಬರ ಕೈಯಲ್ಲೂ ಒಂದು ನೋಟ್‌ಬುಕ್, ಒಂದು ಪೆನ್ನು, ಸಮಯ ಸರಿ ಮಾಡಿಟ್ಟ ಒಂದು ಗಡಿಯಾರ. ಸದ್ದು ಕೇಳಿತಾ, ಏನಾದರೂ ಕಂಡಿತಾ, ಮೈ ಜುಮ್ ಅಂತಾ, ಬಾಯಿ ಬಿಡದೆ ಬರೆಯಿರಿ. ಸಮಯ, ದಿಕ್ಕು, ಎಷ್ಟು ಹೊತ್ತು, ಯಾವುದರ ಹಾಗೆ ಇತ್ತು. ಬೆಳಗಾಗುವ ತನಕ ಒಬ್ಬರದ್ದು ಒಬ್ಬರು ನೋಡಬಾರದು. ಸಾಧ್ಯವಾದರೆ ಇಬ್ಬರು ಗೆಳೆಯರನ್ನು ಬೇರೆ ಊರಿಂದ ಕರೆಸಿ, ಅವರಿಗೆ ಮಾಳಿಗೆಯ ಕಥೆ, ಬಾವಿಯ ಕಥೆ ಏನೂ ಹೇಳಬೇಡಿ. ಅವರ ನೋಟ್‌ಬುಕ್ಕೇ ನಿಮ್ಮ ಬಂಗಾರ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ನಾನೇ ಕಂಡದ್ದು ಹೇಳುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ, ನಿಮ್ಮದರಂಥದೇ ಒಂದು ವಾಡೆ. ಮಾಳಿಗೆ ಮೇಲೆ ರಾತ್ರಿ ಯಾರೋ ನಡೆಯುತ್ತಾರೆ ಅನ್ನುವ ಅದೇ ಮಾತು. ನಾವು ನಾಲ್ಕು ಜನ ಪಡಸಾಲೆಯ ನಾಲ್ಕು ಮೂಲೆಯಲ್ಲಿ ಕೂತೆವು. ಸಂಜೆಯೇ ಮೆಟ್ಟಿಲ ಮೇಲೆ, ಏಣಿ ಇಟ್ಟು ಮಾಳಿಗೆಯ ಅಂಚಿನಲ್ಲಿ, ಗೋಡೆಯ ಮೇಲೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿದ್ದೆವು. ರಾತ್ರಿ ಹನ್ನೆರಡೂ ಮುಕ್ಕಾಲಿಗೆ ತಲೆಯ ಮೇಲೆ ಹೆಜ್ಜೆ ಸದ್ದು ಶುರುವಾಯಿತು. ಸ್ಪಷ್ಟ ಹೆಜ್ಜೆ. ನನ್ನ ಕುತ್ತಿಗೆಯ ಹಿಂದೆ ಕೂದಲು ನಿಂತಿತು. ಇಷ್ಟು ವರ್ಷ ಪಾಠ ಮಾಡಿದ ತಲೆಯೂ ಆಗ ಹೆದರುತ್ತದೆ. ಕೈ ನಡುಗುತ್ತಲೇ ಬರೆದೆ.

ಬೆಳಗ್ಗೆ ನೋಟ್‌ಬುಕ್ ತೆರೆದೆವು. ನಾನು "ಗಂಡಸಿನ ಹೆಜ್ಜೆ, ನಿಧಾನ, ಏಳೆಂಟು ಹೆಜ್ಜೆ" ಅಂತ ಬರೆದಿದ್ದೆ. ಒಬ್ಬರು "ಗೆಜ್ಜೆ ಸದ್ದು, ಎರಡು ಸಲ" ಅಂತ ಬರೆದಿದ್ದರು. ಇನ್ನೊಬ್ಬರು "ಮಣ್ಣು ಉದುರಿತು, ಏನೋ ಓಡಿತು" ಅಂದಿದ್ದರು. ನಾಲ್ಕನೆಯವರು ನಿದ್ದೆ ಹೋಗಿದ್ದರು, ಪ್ರಾಮಾಣಿಕವಾಗಿ ಹಾಗೇ ಬರೆದಿದ್ದರು. ರಾತ್ರಿಯೇ ಮಾತಾಡಿಕೊಂಡಿದ್ದರೆ ಏನಾಗುತ್ತಿತ್ತು? ಗೆಜ್ಜೆ ಕಟ್ಟಿಕೊಂಡು ನಿಧಾನಕ್ಕೆ ನಡೆಯುವ ಒಂದು ದೆವ್ವ ಆ ಊರಿಗೆ ಹೊಸದಾಗಿ ಸಿಗುತ್ತಿತ್ತು.

ರಂಗೋಲಿ ಪುಡಿಯಲ್ಲಿ ಹೆಜ್ಜೆ ಮೂಡಿತ್ತು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಅಗಲ, ಐದು ಬೆರಳು. ಬೆಕ್ಕಾಗಿದ್ದರೆ ನಾಲ್ಕೇ ಮೂಡಬೇಕು. ಗೋಡೆಯ ತುದಿಯಲ್ಲಿ ಹಿಕ್ಕೆ ಬಿದ್ದಿತ್ತು, ತುಂಬ ಈಚಲ ಬೀಜ. ಪುನುಗು ಬೆಕ್ಕು. ಹಗಲೆಲ್ಲ ಅಟ್ಟದಲ್ಲಿ ಮಲಗಿ ರಾತ್ರಿ ಹೊರಡುವ ಪ್ರಾಣಿ, ಹಳೇ ಮನೆಯ ಹಲಗೆ ಮೇಲೆ ಅದರ ಹೆಜ್ಜೆ ಮನುಷ್ಯರ ಹೆಜ್ಜೆಯಷ್ಟೇ ತೂಕವಾಗಿ ಕೇಳುತ್ತದೆ. ಕೆಳಗಿನ ಖಾಲಿ ಪಡಸಾಲೆ ಡೋಲಿನ ಹಾಗೆ ಸದ್ದನ್ನು ದೊಡ್ಡದು ಮಾಡುತ್ತದೆ.

ಗೆಜ್ಜೆ? ಗೆಜ್ಜೆ ಬರೆದವರು ಕೂತ ಮೂಲೆಗೆ ಹೋಗಿ ಮೇಲೆ ನೋಡಿದೆವು. ತೊಲೆಯಲ್ಲಿ ತೂಗುಮಣೆಯ ಹಿತ್ತಾಳೆ ಸರಪಳಿಯ ಒಂದು ತುಂಡು ಇನ್ನೂ ನೇತಾಡುತ್ತಿತ್ತು. ಮಣೆಯನ್ನು ಯಾರೋ ಯಾವಾಗಲೋ ಒಯ್ದಿದ್ದರು. ಉದ್ದ ಬಿದಿರಿನಿಂದ ಆ ತೊಲೆಯನ್ನು ಕೆಳಗಿನಿಂದ ಕುಟ್ಟಿದೆವು. ಸರಪಳಿ ಅಲುಗಿತು. ಝಲ್. ಮತ್ತೊಮ್ಮೆ ಝಲ್. ಆ ಮೂಲೆಯಲ್ಲಿ ಚೆನ್ನಾಗಿ ಕೇಳಿತು, ನನ್ನ ಮೂಲೆಯಲ್ಲಿ ಬಹಳ ಕ್ಷೀಣ. ಆ ಮನೆಯ ಹೆಣ್ಣುಮಕ್ಕಳು ಎಷ್ಟೋ ಸಂಜೆ ಆ ಸರಪಳಿ ಹಿಡಿದು ತೂಗಿಕೊಂಡಿರುತ್ತಾರೆ ಅನ್ನಿಸಿತು. ಆ ಬೆಳಗ್ಗೆ ನಾವು ಬಹಳ ಹೊತ್ತು ಅಲ್ಲೇ ನಿಂತಿದ್ದೆವು.

ಇನ್ನೊಂದು ಸದ್ದಿನ ಬಗ್ಗೆ ಎಚ್ಚರ ಕೊಡುತ್ತೇನೆ, ಏಕೆಂದರೆ ಇದು ಗಟ್ಟಿಗರನ್ನೂ ಓಡಿಸುತ್ತದೆ. ಗೋಡೆಯ ಗೂಡಿನಿಂದ ಯಾರೋ ಉಸಿರು ಎಳೆದುಕೊಂಡು ಗೊರಕೆ ಹೊಡೆದ ಹಾಗೆ ಕೇಳುತ್ತದೆ. ಕಣಜ ಗೂಬೆಯ ಮರಿಗಳು ಹಸಿದಾಗ ಹಾಗೆ ಕೂಗುತ್ತವೆ, ಗಂಟೆಗಟ್ಟಲೆ. ದೊಡ್ಡ ಗೂಬೆ ಕಿರುಚಿದರೆ ಹೆಂಗಸು ಚೀರಿದ ಹಾಗಿರುತ್ತದೆ. ಅದರ ಮುಖ, ಹೊಟ್ಟೆ ಬಿಳಿ, ರೆಕ್ಕೆಯ ಸದ್ದಿಲ್ಲ. ಕತ್ತಲಲ್ಲಿ ಬಾವಿ ಕಟ್ಟೆಯಿಂದ ಒಂದು ಬಿಳಿ ಆಕಾರ ಸದ್ದಿಲ್ಲದೆ ತೇಲಿ ಹೋದದ್ದನ್ನು ನೋಡಿದವರಿಗೆ ಏನನ್ನಿಸಬೇಕು? ಮೊದಲೇ ಹಗಲಲ್ಲಿ ಹೋಗಿ ಗೋಡೆ ಬುಡದಲ್ಲಿ ಗೂಬೆ ಕಾರಿದ ಉಂಡೆ ಬಿದ್ದಿದೆಯಾ ನೋಡಿ. ಬೂದು ಬಣ್ಣದ ಉಂಡೆ, ಬಿಡಿಸಿದರೆ ಇಲಿಯ ಕೂದಲು, ಪುಟ್ಟ ತಲೆಬುರುಡೆ ಸಿಗುತ್ತದೆ. ಇದ್ದರೆ ಅಲ್ಲಿ ಗೂಬೆ ಇದೆ. ಗೂಡಿಗೆ ತೊಂದರೆ ಕೊಡಬೇಡಿ.

ನಿಮ್ಮ ಯಂತ್ರಗಳ ಮಾತಿಗೆ ಬರುತ್ತೇನೆ. ಇಎಂಎಫ್ ಮೀಟರ್ ಮಾಡಿದ್ದು ಕರೆಂಟು ಹರಿಯುವ ಕಡೆಯ ಕಾಂತಕ್ಷೇತ್ರ ಅಳೆಯಲು. ನಿಮ್ಮದೇ ಜೇಬಿನ ಮೊಬೈಲ್ ಟವರ್ ಹುಡುಕಿದರೆ ಸಾಕು, ಅಗ್ಗದ ಮೀಟರಿನ ದೀಪಗಳು ಕುಣಿಯುತ್ತವೆ. ಹಳ್ಳಿಯ ಹೊರಗೆ ಸಿಗ್ನಲ್ ಕಡಿಮೆ, ಮೊಬೈಲ್ ಇನ್ನೂ ಜೋರಾಗಿ ಹುಡುಕುತ್ತದೆ. ಮೀಟರ್ ಬಳಸಲೇಬೇಕೆಂದರೆ ಎಲ್ಲ ಮೊಬೈಲನ್ನೂ ಏರೋಪ್ಲೇನ್ ಮೋಡಿಗೆ ಹಾಕಿ. ತುರ್ತಿಗೆ ಒಂದು ಫೋನ್ ಮಾತ್ರ ದೂರದಲ್ಲಿ, ಹೊರಗೆ ಕೂತವನ ಹತ್ತಿರ ಇರಲಿ.

ಗನ್ ಥರ್ಮಾಮೀಟರ್ ಬಗ್ಗೆ ಬಹಳ ಜನರಿಗೆ ತಪ್ಪು ತಿಳುವಳಿಕೆ ಇದೆ. ಅದು ಗಾಳಿಯ ಉಷ್ಣತೆ ಅಳೆಯುವುದಿಲ್ಲ. ಎದುರಿಗೆ ಯಾವ ಮೇಲ್ಮೈ ಇದೆಯೋ ಅದನ್ನು ಅಳೆಯುತ್ತದೆ. ಕೋಣೆಯ ನಡುವೆ ತಣ್ಣನೆ ಜಾಗ ಸಿಕ್ಕಿತು ಅಂತ ನೀವು ಗುರಿ ಹಿಡಿದಾಗ ಅದು ಎದುರು ಗೋಡೆಯ ಲೆಕ್ಕ ಹೇಳುತ್ತಿರುತ್ತದೆ. ಹೊಳೆಯುವ ಹಿತ್ತಾಳೆ, ತಗಡಿನ ಮೇಲೆ ಹಿಡಿದರೆ ಲೆಕ್ಕವೇ ತಪ್ಪು. ಮನೆಯಲ್ಲಿ ಹಾಲು ಕಾಯಿಸಿದ ಸ್ಟೀಲ್ ಪಾತ್ರೆಯ ಹೊರಗೋಡೆಗೆ ಹಿಡಿದು ನೋಡಿ, ನಿಮಗೇ ತಿಳಿಯುತ್ತದೆ. ಗಾಳಿಗೆ ಮಾಮೂಲಿ ಥರ್ಮಾಮೀಟರ್ ನಾಲ್ಕು ಕಡೆ ತೂಗುಹಾಕಿ, ಅರ್ಧ ಗಂಟೆಗೊಮ್ಮೆ ಬರೆಯಿರಿ.

ಕ್ಯಾಮೆರಾದಲ್ಲಿ ದುಂಡನೆ ಬೆಳಕಿನ ಉಂಡೆಗಳು ಬಂದೇ ಬರುತ್ತವೆ. ಪಾಳು ಮನೆಯಲ್ಲಿ ನೀವು ಹೆಜ್ಜೆ ಇಟ್ಟಾಗಲೆಲ್ಲ ಧೂಳು ಏಳುತ್ತದೆ. ಲೆನ್ಸಿನ ಹತ್ತಿರದ ಧೂಳಿನ ಕಣಕ್ಕೆ ಫ್ಲ್ಯಾಶ್ ಬಿದ್ದರೆ ಮಸುಕಾದ ಉಂಡೆಯಾಗುತ್ತದೆ. ಫ್ಲ್ಯಾಶ್ ಆರಿಸಿ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಧ್ವನಿ ಮುದ್ರಣದಲ್ಲೂ ಇಂಥದೇ ತೊಂದರೆ. ಸುತ್ತ ಸದ್ದಿಲ್ಲದಾಗ ರೆಕಾರ್ಡರ್ ತಾನಾಗಿಯೇ ದನಿ ಏರಿಸಿಕೊಳ್ಳುತ್ತದೆ, ಬಟ್ಟೆ ಸರಿದದ್ದೂ ಪಿಸುಮಾತಾಗುತ್ತದೆ. "ಹೋಗು ಅಂದ ಹಾಗೆ ಕೇಳ್ತದೆ" ಅಂತ ಹೇಳಿ ಕೇಳಿಸಿದರೆ ಯಾರಿಗಾದರೂ "ಹೋಗು" ಅಂತಲೇ ಕೇಳುತ್ತದೆ. ಏನೂ ಹೇಳದೆ ಹತ್ತು ಜನರಿಗೆ ಕೇಳಿಸಿ, ಏನು ಕೇಳಿತು ಅಂತ ಬರೆಸಿ. ಹತ್ತು ಬೇರೆ ಮಾತು ಬರುತ್ತದೆ.

ಒಳಗೆ ಬೆಂಕಿ ಕಾಯಿಸಿಕೊಳ್ಳಲು ಇದ್ದಿಲು ಹಚ್ಚಬೇಡಿ, ಜನರೇಟರ್ ಇಡಬೇಡಿ. 1921ರಲ್ಲಿ ವಿಲಿಯಂ ವಿಲ್ಮರ್ ಅನ್ನುವ ಅಮೆರಿಕದ ಕಣ್ಣಿನ ವೈದ್ಯರು ಒಂದು ಕುಟುಂಬದ ಕಥೆ ಪ್ರಕಟಿಸಿದರು. ಹಳೇ ಮನೆಗೆ ಬಂದ ಮೇಲೆ ಅವರಿಗೆ ತಲೆನೋವು, ಮಂಕು, ಖಾಲಿ ಕೋಣೆಯಲ್ಲಿ ಹೆಜ್ಜೆ ಸದ್ದು. ಕೊನೆಗೆ ನೋಡಿದರೆ ಮನೆ ಬಿಸಿ ಮಾಡುವ ಒಲೆ ಕೆಟ್ಟು, ಹೊಗೆಯೆಲ್ಲ ಕೋಣೆಗೆ ಬರುತ್ತಿತ್ತು. ಕಾರ್ಬನ್ ಮೊನಾಕ್ಸೈಡ್ ವಿಷ. ಒಲೆ ಸರಿಯಾಯಿತು, ಸದ್ದು ನಿಂತಿತು.

ಕೇಳಿಸದ ಕೆಳಸ್ತರದ ಸದ್ದಿನಿಂದ ಭಯ ಹುಟ್ಟುತ್ತದೆ ಅಂತ ನೀವು ಎಲ್ಲೋ ಓದಿರುತ್ತೀರಿ. ಅದರ ಮೂಲ ವಿಕ್ ಟ್ಯಾಂಡಿ ಅನ್ನುವ ಇಂಗ್ಲಿಷ್ ಎಂಜಿನಿಯರ್. ಕವೆಂಟ್ರಿಯ ತನ್ನ ಪ್ರಯೋಗಾಲಯದಲ್ಲಿ ಅವನಿಗೆ ಮೈ ಬೆವರಿ, ಪಕ್ಕದಲ್ಲಿ ಬೂದು ಆಕಾರ ಕಂಡಿತು. ಮರುದಿನ ಬೆಂಚಿಗೆ ಬಿಗಿದಿಟ್ಟ ಕತ್ತಿಯ ಅಲಗು ತಾನಾಗಿ ನಡುಗುವುದು ನೋಡಿ ಹುಡುಕಿದ. ಹೊಸ ಫ್ಯಾನಿನಿಂದ ಸೆಕೆಂಡಿಗೆ ಸುಮಾರು 19 ಸಲ ಕಂಪಿಸುವ ಅಲೆ ಬರುತ್ತಿತ್ತು. 1998ರಲ್ಲಿ ಅದನ್ನು ಬರೆದ. ಒಳ್ಳೆಯ ಪತ್ತೇದಾರಿ ಕೆಲಸ. ಆದರೆ ಆಮೇಲೆ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನವರು ಒಂದು ಕೋಣೆಯಲ್ಲಿ ಅಂಥ ಅಲೆಯನ್ನೂ ಕಾಂತಕ್ಷೇತ್ರವನ್ನೂ ಬೇಕೆಂದೇ ಬಿಟ್ಟು ಜನರನ್ನು ಒಳಗೆ ಕಳಿಸಿದರು. 2009ರಲ್ಲಿ ಫಲ ಪ್ರಕಟವಾಯಿತು. ವಿಚಿತ್ರ ಅನುಭವ ಆಯಿತು ಅಂದವರು ಬಹಳ ಜನ, ಅಲೆ ಇದ್ದಾಗಲೂ ಇಲ್ಲದಾಗಲೂ. ಏನೋ ಆಗಬಹುದು ಅಂತ ಮೊದಲೇ ಹೇಳಿದ್ದೇ ಸಾಕಾಗಿತ್ತು ಅಂತ ಅವರಿಗೆ ಕಂಡಿತು. ಮತ್ತೆ ಆ ನೀಲಿ ಪುಸ್ತಿಕೆಯ ಮಾತೇ ಬಂತು, ಅಲ್ವಾ?

ಬಾವಿ ಹತ್ತಿರದ ಹೆಂಗಸಿನ ಬಗ್ಗೆ ಒಂದು ಮಾತು. ಇದು ನನಗೆ ಬಹಳ ಮುಖ್ಯ. ಮಾಳಿಗೆಯ ಹೆಜ್ಜೆ ಬೇರೆ, ಇದು ಬೇರೆ. ನಮ್ಮ ಊರುಗಳಲ್ಲಿ ಬಾವಿಯ ಕಥೆಯ ಹಿಂದೆ ಎಷ್ಟೋ ಸಲ ನಿಜವಾದ ಒಬ್ಬ ಹೆಣ್ಣುಮಗಳು ಇರುತ್ತಾಳೆ. ಸೊಸೆಯೋ, ಕೆಲಸದವಳೋ, ಮದುವೆಯಾಗಿ ಬಂದ ಚಿಕ್ಕ ಹುಡುಗಿಯೋ. ಊರು ಅವಳ ಬಗ್ಗೆ ನೇರ ಮಾತಾಡಲಾರದೆ ದೆವ್ವದ ಕಥೆ ಮಾಡಿಕೊಂಡಿರುತ್ತದೆ. ಅವಳ ಅಕ್ಕತಂಗಿಯರ ಮಕ್ಕಳು ಅದೇ ಊರಲ್ಲಿ ಇರಬಹುದು. ನೀವು ಕ್ಯಾಮೆರಾ ಹಿಡಿದು ಬಾವಿ ಕಟ್ಟೆಯ ಮೇಲೆ ನಿಂತು "ಯಾರಿದ್ದೀ, ಬಾ" ಅಂತ ಕೂಗಬೇಡಿ. ಹಿರಿಯ ಹೆಂಗಸರ ಹತ್ತಿರ ಹಗಲಲ್ಲಿ ಕೂತು, ಕ್ಯಾಮೆರಾ ಇಲ್ಲದೆ, ಮೆಲ್ಲಗೆ ಕೇಳಿ. ಹೇಳಿದರೆ ಕೇಳಿಸಿಕೊಳ್ಳಿ. ಹೇಳದಿದ್ದರೆ ಎದ್ದು ಬನ್ನಿ. ಅದನ್ನು ವಿಡಿಯೊದಲ್ಲಿ ಹಾಕಬೇಡಿ.

ವಿಡಿಯೊ ಹಾಕಿದರೂ ಊರ ಹೆಸರು, ದಾರಿ ತೋರಿಸಬೇಡಿ. ದೆವ್ವದ ವಾಡೆ ಅಂತ ಹೆಸರಾದ ಮನೆಗೆ ಮೊದಲು ಕುಡಿಯುವವರು ಬರುತ್ತಾರೆ, ಆಮೇಲೆ ಗೋಡೆ ಮೇಲೆ ಹೆಸರು ಗೀಚುವವರು, ಆಮೇಲೆ ಬಾಗಿಲು ಕಿತ್ತು ಒಯ್ಯುವವರು, ಕೊನೆಗೆ ಅಗೆಯುವವರು. ಎರಡು ಮನೆ ಹಾಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆತ್ತನೆಯ ಕಂಬ ಕೊಯ್ದು ಒಯ್ದಿದ್ದರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬೋರ್ಲಿಯ ಮನೆ ಏನಾಯಿತು ಅಂತ ಹೇಳಿ ಮುಗಿಸುತ್ತೇನೆ. 1939ರ ಫೆಬ್ರವರಿ 27ರ ರಾತ್ರಿ ಅದು ಸುಟ್ಟುಹೋಯಿತು. ದೀಪ ಉರುಳಿತು ಅಂತ ಹೊಸ ಯಜಮಾನ ಹೇಳಿದ. ಬೇಕೆಂದೇ ಹಚ್ಚಿದ್ದು ಅಂತ ವಿಮೆ ಕಂಪನಿ ತೀರ್ಮಾನಿಸಿತು. 1943ರಲ್ಲಿ ಪ್ರೈಸ್ ನೆಲಮಾಳಿಗೆ ಅಗೆಸಿ ಒಂದಷ್ಟು ಮೂಳೆ ತೆಗೆದ. ಸನ್ಯಾಸಿನಿಯದು ಅಂದ. ಹಂದಿಯದು ಅಂದರು ಊರವರು. 1944ರಲ್ಲಿ ಪಾಳು ಗೋಡೆಗಳನ್ನು ಕೆಡವುವಾಗ ಅಮೆರಿಕದ ಲೈಫ್ ಪತ್ರಿಕೆಯ ಫೋಟೊಗ್ರಾಫರ್ ತೆಗೆದ ಚಿತ್ರದಲ್ಲಿ ಒಂದು ಇಟ್ಟಿಗೆ ಗಾಳಿಯಲ್ಲಿ ತೇಲುತ್ತಿತ್ತು. ಗೋಡೆಯ ಆಚೆ ಕೆಲಸಗಾರ ಇಟ್ಟಿಗೆ ಎಸೆಯುತ್ತಿದ್ದ ಅಂತ ಜೊತೆಗಿದ್ದ ವರದಿಗಾರ್ತಿ ಆಮೇಲೆ ಹೇಳಿದಳು. 1956ರಲ್ಲಿ ಮೂವರು ಸಂಶೋಧಕರು ಇಡೀ ಪ್ರಕರಣವನ್ನು ಮತ್ತೆ ಬಿಡಿಸಿ ನೋಡಿದರು. ಹೆಚ್ಚಿನದು ಇಲಿ, ಮನೆಯ ವಿಚಿತ್ರ ಆಕಾರದಿಂದ ಸದ್ದು ತಿರುಗಿ ಬರುವುದು, ಮನುಷ್ಯರ ಕೈಚಳಕ ಅಂತ ಬರೆದರು.

ಆ 48 ಜನರಲ್ಲಿ ಸಿಡ್ನಿ ಗ್ಲ್ಯಾನ್‌ವಿಲ್ ಅಂತ ಒಬ್ಬ ಎಂಜಿನಿಯರ್ ಇದ್ದ. ಉಳಿದವರು ದೆವ್ವ ಕಾಯುವಾಗ ಅವನು ಟೇಪು ಹಿಡಿದು ಮನೆಯನ್ನು ಅಳೆದ. ಒಂದೊಂದು ಕೋಣೆ, ಒಂದೊಂದು ಮೆಟ್ಟಿಲು, ನಕ್ಷೆ ಬರೆದ. ಮನೆ ಹೋಯಿತು. ಅದು ಹೇಗಿತ್ತು ಅಂತ ಇವತ್ತು ತಿಳಿಯಲು ಅವನ ನಕ್ಷೆ ಇದೆ.

ನಿಮ್ಮ ವಾಡೆಯ ಅರ್ಧ ಈಗಾಗಲೇ ಬಿದ್ದಿದೆ ಅಂದಿರಿ. ಹಗಲಲ್ಲಿ ಹೋದಾಗ ಮೂವತ್ತು ಮೀಟರಿನ ಟೇಪು, ಗ್ರಾಫ್ ಹಾಳೆ ತಗೊಂಡು ಹೋಗಿ. ಗಟ್ಟಿ ಇರುವ ಭಾಗವನ್ನಷ್ಟೇ ಅಳೆಯಿರಿ. ಅಗಸಿ ಬಾಗಿಲಿನಿಂದ ಶುರು ಮಾಡಿ, ಪಡಸಾಲೆಯ ಕಂಬದಿಂದ ಕಂಬಕ್ಕೆ ಎಷ್ಟು, ಬೆಳಕಿಂಡಿ ಎಲ್ಲಿ, ದೇವರ ಮನೆ ಯಾವ ದಿಕ್ಕಿಗೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಬೀಳಲಿರುವ ಕಂಬಗಳ ಕೆತ್ತನೆಯನ್ನು ಮೊದಲು ತೆಗೆಯಿರಿ.